ಎರಡು ಮಕ್ಕಳು, ಒಂದು ಗಾಡಿ: ಡಬಲ್ ಸ್ಟ್ರಾಲರ್ ಆರಿಸುವುದು ಹೇಗೆ?

ಎರಡನೇ ಮಗುವಿಗೆ ಕಾಯುತ್ತಿರುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ದೊಡ್ಡದಕ್ಕೆ ಇನ್ನೂ ಎರಡು ತುಂಬಿಲ್ಲ. ಡಬಲ್ ಸ್ಟ್ರಾಲರ್ ತಗೊಳ್ಳೋಣ ಅಂತಿದ್ದೇವೆ, ಯಾವುದು ಒಳ್ಳೇದು?" ಉತ್ತರ ಹೇಳುವ ಮುಂಚೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನೀವು ದಿನಾ ಓಡಾಡುವ ದಾರಿಯಲ್ಲಿ ಎಲ್ಲಕ್ಕಿಂತ ಕಿರಿದಾದ ಬಾಗಿಲು ಎಷ್ಟು ಅಗಲ ಇದೆ? ಹೆಚ್ಚಿನವರು ನಗುತ್ತಾರೆ. ಗೊತ್ತಿರುವವರು ಇಲ್ಲವೇ ಇಲ್ಲ ಅನ್ನಬಹುದು.

ನಮಗೂ ಗೊತ್ತಿರಲಿಲ್ಲ. ಚೆಂದ ಕಂಡಿತು ಅಂತ ಅಕ್ಕಪಕ್ಕ ಸೀಟಿನ ಗಾಡಿ ತಂದೆವು. ಅದರ ಅಗಲ 78 ಸೆಂ.ಮೀ., ಲಿಫ್ಟಿನ ಬಾಗಿಲು 70. ಒಂದು ಅಂಗೈಯಗಲದ ವ್ಯತ್ಯಾಸ ಅಷ್ಟೇ. ಅದಕ್ಕಾಗಿ ಪ್ರತಿ ಸಲ ಇಬ್ಬರನ್ನೂ ಇಳಿಸಿ, ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಇನ್ನೊಂದು ಓಡದ ಹಾಗೆ ಕಾಲಲ್ಲಿ ತಡೆದು, ಉಳಿದ ಕೈಯಲ್ಲಿ ಗಾಡಿ ಮಡಚಬೇಕಿತ್ತು. ಎರಡೇ ತಿಂಗಳಿಗೆ ಮಾರಿದೆವು. ಹಾಗಾಗಿ ಈ ಲೇಖನ ಅಂಗಡಿಯಿಂದ ಶುರುವಾಗುವುದಿಲ್ಲ, ಮನೆಯಿಂದ ಶುರುವಾಗುತ್ತದೆ.

ಮೊದಲು ಒಂದಿಷ್ಟು ಪದಗಳು

ಅಂಗಡಿಯವರು ಪಟಪಟನೆ ಉದುರಿಸುವ ಪದಗಳು ಇವು. ಗೊತ್ತಿದ್ದರೆ ಮುಂದಕ್ಕೆ ಹೋಗಿ.

ಸೈಡ್ ಬೈ ಸೈಡ್ ಅಂದರೆ ಎರಡು ಸೀಟು ಅಕ್ಕಪಕ್ಕ ಇರುವ ಗಾಡಿ. ಟ್ಯಾಂಡೆಮ್ ಅಂದರೆ ಒಂದರ ಹಿಂದೆ ಒಂದು, ಅಥವಾ ಒಂದರ ಕೆಳಗೆ ಒಂದು ಸೀಟು. ಕನ್ವರ್ಟಿಬಲ್ ಅಂದರೆ ಒಂಟಿ ಸೀಟಿನ ಗಾಡಿಗೆ ಬೇಕಾದಾಗ ಎರಡನೇ ಸೀಟು ಸಿಕ್ಕಿಸುವಂಥದ್ದು. ಸಿಟ್ ಅಂಡ್ ಸ್ಟ್ಯಾಂಡ್‌ನಲ್ಲಿ ಮುಂದೆ ಪೂರ್ತಿ ಸೀಟು, ಹಿಂದೆ ದೊಡ್ಡ ಮಗು ನಿಲ್ಲಲು ಅಥವಾ ಕೂರಲು ಪುಟ್ಟ ಜಾಗ. ಬಗ್ಗಿ ಬೋರ್ಡ್ ಅಂದರೆ ಮಾಮೂಲಿ ಗಾಡಿಯ ಹಿಂಭಾಗಕ್ಕೆ ಕಟ್ಟುವ ಚಕ್ರದ ಹಲಗೆ, ಅದರ ಮೇಲೆ ಮಗು ನಿಂತು ಬರುತ್ತದೆ. ಕ್ಯಾರಿಕಾಟ್ ಅಥವಾ ಬ್ಯಾಸಿನೆಟ್ ಅಂದರೆ ಎಳೆಗೂಸು ಚಪ್ಪಟೆಯಾಗಿ ಮಲಗುವ ತೊಟ್ಟಿಲಿನಂಥ ಭಾಗ. ರಿಕ್ಲೈನ್ ಅಂದರೆ ಸೀಟಿನ ಬೆನ್ನು ಎಷ್ಟು ಹಿಂದಕ್ಕೆ ಬಾಗುತ್ತದೆ ಅನ್ನುವುದು. ಹಾರ್ನೆಸ್ ಅಂದರೆ ಮಗುವನ್ನು ಕಟ್ಟುವ ಪಟ್ಟಿಗಳು.

ಹಂತ 1: ನಿಜವಾಗಿ ಬೇಕಾ?

ಮಕ್ಕಳ ವಯಸ್ಸಿನ ಅಂತರ ನೋಡಿ. ಚಿಕ್ಕದು ಹುಟ್ಟುವಾಗ ದೊಡ್ಡದಕ್ಕೆ ಎರಡು ವರ್ಷ ತುಂಬಿರದಿದ್ದರೆ ಪೂರ್ತಿ ಸೀಟು ಬೇಕೇ ಬೇಕು. ಆ ವಯಸ್ಸಿನ ಮಗು ನಡೆಯುತ್ತದೆ ನಿಜ, ಆದರೆ ನಿಮಗೆ ಬೇಕಾದ ದಿಕ್ಕಿಗೆ ನಡೆಯುವುದಿಲ್ಲ. ಮೂರು ದಾಟಿದ್ದರೆ ಬಹುಪಾಲು ಮನೆಗಳಲ್ಲಿ ಬಗ್ಗಿ ಬೋರ್ಡ್ ಸಾಕು. ತಲೆ ಕೆಡಿಸುವುದು ಎರಡರಿಂದ ಮೂರರ ನಡುವಿನ ವಯಸ್ಸು.

ನಿಮ್ಮದು ಆ ಗುಂಪಾದರೆ ಒಂದು ವಾರ ಲೆಕ್ಕ ಇಡಿ. ಹೊರಗೆ ಹೋದಾಗಲೆಲ್ಲ ದೊಡ್ಡದು ಎಷ್ಟು ನಿಮಿಷ ನಡೆದ ಮೇಲೆ ಎರಡೂ ಕೈ ಮೇಲೆತ್ತಿ "ಎತ್ಕೋ" ಅಂತು, ಫೋನಿನಲ್ಲಿ ಬರೆದುಕೊಳ್ಳಿ. ಮಧ್ಯಾಹ್ನದ ನಿದ್ದೆ ಹೊರಗೆ ಬರುತ್ತದೋ ಮನೆಯಲ್ಲೋ, ಅದನ್ನೂ ಬರೆಯಿರಿ. ಹತ್ತು ನಿಮಿಷದಲ್ಲಿ ಕೈ ಎತ್ತುವ, ಹೊರಗೆ ನಿದ್ದೆ ಮಾಡುವ ಮಗುವಿಗೆ ಸೀಟು ಬೇಕು. ಅರ್ಧ ಗಂಟೆ ನಡೆಯುವ, ನಿದ್ದೆ ಬಿಟ್ಟಿರುವ ಮಗುವಿಗೆ ಎರಡನೇ ಸೀಟು ತಂದರೆ ಅದರಲ್ಲಿ ಸುಮ್ನೆ ತರಕಾರಿ ಚೀಲ ಕೂರುತ್ತದೆ.

ಇನ್ನೊಂದು ದಾರಿಯೂ ಇದೆ. ದೊಡ್ಡದು ಹಳೆಯ ಒಂಟಿ ಗಾಡಿಯಲ್ಲಿ, ಎಳೆಗೂಸು ನಿಮ್ಮ ಎದೆಗೆ ಕಟ್ಟಿದ ಕ್ಯಾರಿಯರ್‌ನಲ್ಲಿ. ಮೊದಲ ನಾಲ್ಕೈದು ತಿಂಗಳು ಇದು ಚೆನ್ನಾಗಿ ನಡೆಯುತ್ತದೆ. ಕೂಸಿನ ಮುಖ ನಿಮಗೆ ಸದಾ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿರಬಾರದು, ಮೂಗು ಬಾಯಿಗೆ ಬಟ್ಟೆ ಮುಚ್ಚಿರಬಾರದು. ಸಿಸೇರಿಯನ್ ಆಗಿದ್ದರೆ ಕ್ಯಾರಿಯರ್ ಕಟ್ಟುವುದಕ್ಕೂ, ಭಾರದ ಗಾಡಿ ಎತ್ತುವುದಕ್ಕೂ ಮುಂಚೆ ಡಾಕ್ಟರನ್ನು ಕೇಳಿ.

ಒಂದು ಎಚ್ಚರಿಕೆ: "ಹೇಗೂ ಬೇಕಾಗುತ್ತದಲ್ಲ" ಅಂತ ಅವಸರ ಮಾಡಬೇಡಿ. ಹೆರಿಗೆಯಾಗಿ ಒಂದು ತಿಂಗಳು ಕಳೆದ ಮೇಲೂ ಕೊಳ್ಳಬಹುದು. ಅಷ್ಟರಲ್ಲಿ ನಿಮ್ಮ ದಿನ ಹೇಗೆ ಓಡುತ್ತದೆ ಅನ್ನುವುದು ನಿಮಗೇ ಗೊತ್ತಾಗಿರುತ್ತದೆ.

ಹಂತ 2: ಟೇಪ್ ಹಿಡಿದು ದಾರಿ ಅಳೆಯಿರಿ

ಈ ಇಡೀ ಲೇಖನದಲ್ಲಿ ಒಂದೇ ಒಂದು ಹಂತ ಮಾಡಲು ಸಮಯ ಇದ್ದರೆ ಇದನ್ನು ಮಾಡಿ.

ಅಕ್ಕಪಕ್ಕ ಸೀಟಿನ ಗಾಡಿಗಳು ಸಾಮಾನ್ಯವಾಗಿ 74ರಿಂದ 80 ಸೆಂ.ಮೀ. ಅಗಲ ಇರುತ್ತವೆ. ಟ್ಯಾಂಡೆಮ್‌ಗಳು ಹೆಚ್ಚುಕಡಿಮೆ ಒಂಟಿ ಗಾಡಿಯಷ್ಟೇ, ಅಂದರೆ 60ರಿಂದ 65 ಸೆಂ.ಮೀ. ಆಸುಪಾಸು. ಆದರೆ ಉದ್ದದಲ್ಲಿ ಒಂದು ಮೀಟರು ದಾಟುತ್ತವೆ. ಈ ಎರಡು ಸಂಖ್ಯೆ ತಲೆಯಲ್ಲಿ ಇಟ್ಟುಕೊಂಡು ಮನೆಯ ಬಾಗಿಲು, ಕಟ್ಟಡದ ಬಾಗಿಲು, ಲಿಫ್ಟು, ಗೇಟು, ದಿನಾ ಹೋಗುವ ಅಂಗಡಿ, ದೊಡ್ಡದರ ಪ್ಲೇಸ್ಕೂಲು ಎಲ್ಲ ಅಳೆಯಿರಿ.

ಅಳೆಯುವಾಗ ಜನ ಮಾಡುವ ತಪ್ಪು ಒಂದೇ: ಬಾಗಿಲಿನ ಹಲಗೆಯನ್ನು ಅಳೆಯುತ್ತಾರೆ. ಗಾಡಿ ಹೋಗುವುದು ಹಲಗೆಯಲ್ಲಿ ಅಲ್ಲ, ಸಂದಿಯಲ್ಲಿ. ಬಾಗಿಲನ್ನು ಪೂರ್ತಿ ತೆರೆಯಿರಿ. ತೆರೆದ ಹಲಗೆಯ ಮುಖದಿಂದ ಎದುರಿನ ಚೌಕಟ್ಟಿನವರೆಗೆ ಅಳೆಯಿರಿ. ಹಲಗೆಯ ದಪ್ಪ, ಕೀಲು, ಹಿಡಿಕೆ ಎಲ್ಲ ಸೇರಿ ನಾಲ್ಕೈದು ಸೆಂ.ಮೀ. ತಿಂದು ಹಾಕಿರುತ್ತವೆ. ಬಾಗಿಲ ಹಿಂದೆ ಚಪ್ಪಲಿ ಸ್ಟ್ಯಾಂಡ್ ಇದ್ದು ಬಾಗಿಲು ಪೂರ್ತಿ ತೆರೆಯದೇ ಇದ್ದರೆ ಇನ್ನೂ ಕಮ್ಮಿ. ಸಿಕ್ಕ ಅಳತೆ ಗಾಡಿಯ ಅಗಲಕ್ಕಿಂತ ಕನಿಷ್ಠ 3 ಸೆಂ.ಮೀ. ಜಾಸ್ತಿ ಇರಲಿ. ಕಾಗದದ ಮೇಲೆ ಒಂದು ಸೆಂ.ಮೀ. ಉಳಿದರೂ ಸಾಕು ಅನಿಸುತ್ತದೆ. ಅಳುವ ಕೂಸನ್ನು ಇಟ್ಟುಕೊಂಡು ಓರೆಯಾಗಿ ನುಗ್ಗಿಸುವಾಗ ಬೆರಳಿನ ಗೆಣ್ಣು ಕಿತ್ತುಬರುತ್ತದೆ.

ಟೇಪಿಗಿಂತ ನಂಬಿಕೆ ಹುಟ್ಟಿಸುವ ಇನ್ನೊಂದು ಉಪಾಯ ಇದೆ, ಕೋಲಿನ ಪರೀಕ್ಷೆ. ನೀವು ನೋಡಿಟ್ಟ ಗಾಡಿಯ ಅಗಲಕ್ಕೆ ಸರಿಯಾಗಿ ಒಂದು ಕೋಲು ಕತ್ತರಿಸಿ. ಕೋಲಿಲ್ಲದಿದ್ದರೆ ಹಳೆ ಪೇಪರ್ ಬಿಗಿಯಾಗಿ ಸುತ್ತಿ ಟೇಪ್ ಹಚ್ಚಿ. ಅದನ್ನು ಎರಡೂ ಕೈಯಲ್ಲಿ ಅಡ್ಡಲಾಗಿ, ಮೊಣಕಾಲಿಗಿಂತ ಕೆಳಗೆ ಹಿಡಿಯಿರಿ. ಗಾಡಿ ಎಲ್ಲಕ್ಕಿಂತ ಅಗಲ ಇರುವುದು ಹಿಂದಿನ ಚಕ್ರಗಳ ಹತ್ತಿರ, ಅದಕ್ಕೇ ಅಷ್ಟು ಕೆಳಗೆ. ಈಗ ಬಗ್ಗಿಕೊಂಡು ಮಂಚದ ಪಕ್ಕದಿಂದ ಹೊರಟು ಬೀದಿಯವರೆಗೆ ನಡೆಯಿರಿ. ನೋಡಿದವರು ನಗಬಹುದು, ನಗಲಿ. ಕೋಲು ಎಲ್ಲಿ ತಾಗಿತೋ ನಾಳೆ ಗಾಡಿ ನಿಲ್ಲುವುದೂ ಅಲ್ಲೇ.

ಟ್ಯಾಂಡೆಮ್ ಮೇಲೆ ಮನಸ್ಸಿದ್ದರೆ ಕೋಲು ಸಾಲದು. ಅದರ ತೊಂದರೆ ಅಗಲದ್ದಲ್ಲ, ತಿರುವಿನದು. ಗಾಡಿಯ ಉದ್ದ ಅಗಲಕ್ಕೆ ರಟ್ಟು ಕತ್ತರಿಸಿ ನೆಲದ ಮೇಲೆ ಇಟ್ಟು ಹಜಾರದ ಮೂಲೆಯಲ್ಲಿ ತಿರುಗಿಸಿ ನೋಡಿ. ಲಿಫ್ಟಿನ ಒಳಗೂ ಹಾಗೇ. ಜನ ಗಾಡಿಯ ಉದ್ದ ನೋಡುತ್ತಾರೆ, ತಳ್ಳುವವರ ಕಾಲಿಗೆ ಜಾಗ ಬೇಕು ಅನ್ನುವುದನ್ನು ಮರೆಯುತ್ತಾರೆ. 115 ಸೆಂ.ಮೀ. ಉದ್ದದ ಗಾಡಿಯ ಹಿಂದೆ ನೀವು ನಿಲ್ಲಲು ಇನ್ನೂ 35–40 ಸೆಂ.ಮೀ. ಬೇಕು.

ಇನ್ನೊಂದು ಸಣ್ಣ ಮಾತು. ಡಬ್ಬದ ಮೇಲೆ ಬರೆದ ಅಗಲ ಚಕ್ರದ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದದ್ದೋ, ಸೀಟಿನ ಅಗಲವೋ ಅಂತ ಕೇಳಿ. ಅಂಗಡಿಗೆ ಹೋಗುವಾಗ ನಿಮ್ಮದೇ ಟೇಪು ಜೇಬಿನಲ್ಲಿರಲಿ.

ಹಂತ 3: ಆಕಾರ ಯಾವುದು?

ಅಳತೆಗಳು ಕೈಯಲ್ಲಿದ್ದರೆ ಅರ್ಧ ಉತ್ತರ ತಾನೇ ಸಿಕ್ಕಿರುತ್ತದೆ. ಉಳಿದರ್ಧಕ್ಕೆ ಒಂದೊಂದರ ಸ್ವಭಾವ ಗೊತ್ತಿರಬೇಕು.

ಅಕ್ಕಪಕ್ಕದ ಗಾಡಿ: ಬಾಗಿಲು ಒಪ್ಪಿದರೆ ನನ್ನ ಮತ ಇದಕ್ಕೇ. ಇಬ್ಬರಿಗೂ ಒಂದೇ ಥರ ಸೀಟು, ಒಂದೇ ನೋಟ. ಗಾಡಿ ಗಿಡ್ಡ ಇರುವುದರಿಂದ ತಿರುಗಿಸುವುದು ಸುಲಭ. ಫುಟ್‌ಪಾತಿನ ಅಂಚು ಹತ್ತಿಸಲು ಹಿಡಿಕೆ ಸ್ವಲ್ಪ ಒತ್ತಿದರೆ ಸಾಕು. ಆದರೆ ಇದಕ್ಕೊಂದು ಚಾಳಿ ಇದೆ. ಒಂದು ಕಡೆ 12 ಕಿಲೋ, ಇನ್ನೊಂದು ಕಡೆ 4 ಕಿಲೋ ಇದ್ದರೆ ಗಾಡಿ ಭಾರದ ಕಡೆಗೆ ಎಳೆಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಒಳ್ಳೆಯ ಚೌಕಟ್ಟಿದ್ದರೆ ಈ ಎಳೆತ ಅಷ್ಟಾಗಿ ಗೊತ್ತಾಗುವುದಿಲ್ಲ, ಸಡಿಲ ಗಾಡಿಯಲ್ಲಿ ಮಣಿಕಟ್ಟು ನೋಯುತ್ತದೆ. ಪಕ್ಕಪಕ್ಕದಲ್ಲಿ ಕೂತವರಿಗೆ ಒಬ್ಬರ ಕೂದಲು ಇನ್ನೊಬ್ಬರ ಕೈಗೆ ಸಿಗುತ್ತದೆ ಅನ್ನುವುದೂ ನೆನಪಿರಲಿ. ನಡುವೆ ಬಟ್ಟೆಯ ಗೋಡೆ ಇರುವ, ಎರಡು ಸೀಟಿಗೂ ಬೇರೆ ಬೇರೆ ರಿಕ್ಲೈನ್, ಬೇರೆ ಬೇರೆ ನೆರಳಿನ ಹೊದಿಕೆ ಇರುವ ಗಾಡಿ ನೋಡಿ. ಒಂದು ಮಲಗಿದಾಗ ಇನ್ನೊಂದು ಎದ್ದು ಕೂತಿರುತ್ತದೆ ಅಲ್ವಾ?

ಟ್ಯಾಂಡೆಮ್: ಕಿರಿದಾದ ಬಾಗಿಲು, ತುಂಬಿದ ಅಂಗಡಿ, ಬಸ್ಸು ರೈಲು ಅಂತ ಓಡಾಡುವವರಿಗೆ ಇದೇ ಸರಿ. ಆದರೆ ಒಂದು ಸೀಟು ಯಾವಾಗಲೂ ಮಲತಾಯಿ ಮಗುವಿನ ಥರ. ಹಿಂದಿನ ಅಥವಾ ಕೆಳಗಿನ ಸೀಟಿಗೆ ಕಾಲು ಚಾಚಲು ಜಾಗ ಕಮ್ಮಿ, ನೋಟ ಕಮ್ಮಿ, ಗಾಳಿ ಕಮ್ಮಿ, ರಿಕ್ಲೈನೂ ಕಮ್ಮಿ. ಎರಡು ವರ್ಷದ ಮಗು ಅಲ್ಲಿ ಕೂತು ಮುಂದಿನ ಸೀಟಿನ ಬೆನ್ನಿಗೆ ಒದೆಯುತ್ತದೆ. ಮುಂದಿನ ಸೀಟಿನಲ್ಲಿ ಯಾರು ಮಲಗಿರುತ್ತಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಇಬ್ಬರೂ ಕೂತಾಗ ಮುಂದಿನ ಚಕ್ರ ಎತ್ತಲು ಜಾಸ್ತಿ ಬಲ ಬೇಕು.

ಕನ್ವರ್ಟಿಬಲ್: ಅಂತರ ಎರಡು ವರ್ಷದ ಹತ್ತಿರ ಇದ್ದರೆ ಇದನ್ನು ಗಂಭೀರವಾಗಿ ಯೋಚಿಸಿ. ಎರಡು ಸೀಟು ಒಟ್ಟಿಗೆ ಬೇಕಾಗುವುದು ಒಂದೂವರೆ ಎರಡು ವರ್ಷ. ಆಮೇಲೆ ಒಂದು ಸೀಟು ತೆಗೆದಿಟ್ಟು ಒಂಟಿ ಗಾಡಿಯಾಗಿ ಬಳಸಬಹುದು. ಇಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು, ಎರಡನೇ ಸೀಟು, ಅಡಾಪ್ಟರ್, ಮಳೆ ಹೊದಿಕೆ ಎಲ್ಲ ಬೇರೆ ಬೇರೆ ಮಾರುತ್ತಾರೆ. ಅಡಾಪ್ಟರ್ ಅಂದರೆ ಸೀಟನ್ನು ಚೌಕಟ್ಟಿಗೆ ಸಿಕ್ಕಿಸುವ ಕೊಂಡಿ. ಎಲ್ಲ ಸೇರಿಸಿ ಲೆಕ್ಕ ಹಾಕಿದ ಮೇಲೆ ಬೆಲೆ ಹೋಲಿಸಿ. ಎರಡನೆಯದು, ಎರಡು ಸೀಟು ಹಾಕಿದಾಗ ಕೆಲವು ಗಾಡಿಗಳು ಮಡಚುವುದಿಲ್ಲ, ಸೀಟು ಬಿಚ್ಚಿಯೇ ಮಡಚಬೇಕು. ಪ್ರಚಾರದ ವಿಡಿಯೋದಲ್ಲಿ ಮಡಚಿ ತೋರಿಸುವುದು ಒಂಟಿ ಸೀಟಿನದು.

ಸಿಟ್ ಅಂಡ್ ಸ್ಟ್ಯಾಂಡ್ ಮತ್ತು ಬೋರ್ಡ್: ಎರಡೂವರೆ ದಾಟಿದ, ಹೇಳಿದ ಮಾತು ಸ್ವಲ್ಪವಾದರೂ ಕೇಳುವ ಮಗುವಿಗೆ. ಬೋರ್ಡಿನ ಭಾರದ ಮಿತಿ ಸಾಮಾನ್ಯವಾಗಿ 20 ಕಿಲೋ ಸುತ್ತಮುತ್ತ. ನಿಮ್ಮ ಗಾಡಿಗೆ ಬೋರ್ಡ್ ಕಟ್ಟಬಹುದು ಅಂತ ಗಾಡಿಯ ಕೈಪಿಡಿಯಲ್ಲೇ ಬರೆದಿದೆಯಾ ನೋಡಿ. ಬೋರ್ಡ್ ಮೇಲೆ ಮಗುವಿಗೆ ನಿದ್ದೆ ಬಂದರೆ ಮಾತ್ರ ನಿಮ್ಮ ಗತಿ ದೇವರಿಗೇ ಪ್ರೀತಿ. ನಿಮ್ಮ ಮೊಣಕಾಲು ಬೋರ್ಡಿಗೆ ಬಡಿಯುತ್ತದೋ ಅಂತಲೂ ನಾಲ್ಕು ಹೆಜ್ಜೆ ನಡೆದು ನೋಡಿ. ಉದ್ದ ಕಾಲಿನವರಿಗೆ ಇದು ದೊಡ್ಡ ಕಿರಿಕಿರಿ.

ಹಂತ 4: ಚಿಕ್ಕದರ ಜಾಗ

ಹೊಸ ಕೂಸಿಗೆ ಕತ್ತು ನಿಂತಿರುವುದಿಲ್ಲ. ಅರ್ಧಂಬರ್ಧ ಕೂತ ಹಾಗೆ ಇಟ್ಟರೆ ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ಒತ್ತುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ಅದಕ್ಕೇ ಅದಕ್ಕೆ ಚಪ್ಪಟೆ ಜಾಗ ಬೇಕು. ಕ್ಯಾರಿಕಾಟ್ ಇದ್ದರೆ ಉತ್ತಮ, ಇಲ್ಲದಿದ್ದರೆ ಹೆಚ್ಚುಕಡಿಮೆ ಪೂರ್ತಿ ಮಲಗುವ ಸೀಟು. ಸೀಟು ಮಲಗಿಸಿ ಅದರ ಮೇಲೆ ನಿಮ್ಮ ಮೊಣಕೈಯಿಂದ ಅಂಗೈವರೆಗೆ ಚಾಚಿಡಿ. ನಡುವೆ ತಗ್ಗು ಬಿದ್ದರೆ, ಕೈ ಬಾಗಿದರೆ, ಅದು ಹೊಸ ಕೂಸಿಗೆ ಆಗುವುದಿಲ್ಲ.

"ಹುಟ್ಟಿದಾಗಿನಿಂದ ಬಳಸಬಹುದು" ಅಂತ ಬರೆದಿದ್ದರೂ ಯಾವ ಸೀಟಿಗೆ ಅಂತ ಓದಿ. ಟ್ಯಾಂಡೆಮ್‌ನಲ್ಲಿ ಬಹಳ ಸಲ ಎರಡರಲ್ಲಿ ಒಂದು ಸೀಟಿಗೆ ಮಾತ್ರ ಆ ಮಾತು ಅನ್ವಯ. ಇನ್ನೊಂದು ಆರು ತಿಂಗಳ ಮೇಲಿನವರಿಗೆ. ಆಗ ಯಾರು ಎಲ್ಲಿ ಕೂರಬೇಕು ಅನ್ನುವುದನ್ನು ಗಾಡಿಯೇ ತೀರ್ಮಾನಿಸಿರುತ್ತದೆ, ನಿಮಗೆ ಆಯ್ಕೆ ಉಳಿದಿರುವುದಿಲ್ಲ.

ಕ್ಯಾರಿಕಾಟ್ ಸಾಮಾನ್ಯವಾಗಿ 9 ಕಿಲೋವರೆಗೆ, ಅಥವಾ ಮಗು ತಾನಾಗಿ ಕೂರಲು, ಅಂಗೈ ಮೊಣಕಾಲೂರಿ ಏಳಲು ಶುರು ಮಾಡುವವರೆಗೆ. ಇವೆರಡರಲ್ಲಿ ಯಾವುದು ಮೊದಲೋ ಅದು. ಹೆಚ್ಚಿನ ಮನೆಗಳಲ್ಲಿ ಆರು ತಿಂಗಳ ಹೊತ್ತಿಗೆ ಅದರ ಕಥೆ ಮುಗಿದಿರುತ್ತದೆ.

ಕಾರ್ ಸೀಟನ್ನೇ ಗಾಡಿಗೆ ಸಿಕ್ಕಿಸುವ ವ್ಯವಸ್ಥೆಗೆ ಟ್ರಾವೆಲ್ ಸಿಸ್ಟಮ್ ಅನ್ನುತ್ತಾರೆ. ಕಾರಿನಿಂದ ಇಳಿದು ಹತ್ತು ನಿಮಿಷದ ಕೆಲಸಕ್ಕೆ ಅನುಕೂಲ. ಅದನ್ನೇ ತೊಟ್ಟಿಲು ಮಾಡಿಕೊಳ್ಳಬೇಡಿ. ಅದರಲ್ಲಿ ಕೂಸು ಅರ್ಧ ಕೂತೇ ಇರುತ್ತದೆ. ನಿದ್ದೆ ಬಂದಿದ್ದರೆ ತಲುಪಿದ ಕೂಡಲೇ ಚಪ್ಪಟೆ ಜಾಗಕ್ಕೆ ಹಾಕಿ.

ಬಿಸಿಲಿಗೆ ಅಂತ ಗಾಡಿಯ ಮೇಲೆ ಟವೆಲ್ಲು, ದುಪ್ಪಟ್ಟಾ, ತೆಳುವಾದ ಬಟ್ಟೆ ಹೊದಿಸುವುದು ಎಲ್ಲ ಕಡೆ ಕಾಣುತ್ತದೆ. ಮಾಡಬೇಡಿ. ಗಾಳಿ ನಿಂತು ಒಳಗೆ ಕಾವು ಬೇಗ ಏರುತ್ತದೆ, ಹೊರಗಿನಿಂದ ಮಗುವೂ ಕಾಣುವುದಿಲ್ಲ. ಉದ್ದಕ್ಕೆ ಎಳೆಯಬಲ್ಲ ನೆರಳಿನ ಹೊದಿಕೆ, ಹಿಂಭಾಗದಲ್ಲಿ ಜಾಲರಿ ಕಿಟಕಿ ಇರುವ ಗಾಡಿ ತಗೊಳ್ಳಿ. ಮಳೆಯ ಪ್ಲಾಸ್ಟಿಕ್ ಹೊದಿಕೆಯೂ ಅಷ್ಟೇ, ಮಳೆ ನಿಂತ ಕೂಡಲೇ ತೆಗೆಯಿರಿ.

ಹಂತ 5: ದೊಡ್ಡದರ ಜಾಗ

ಎಲ್ಲರೂ ಎಳೆಗೂಸಿನ ಬಗ್ಗೆ ಯೋಚಿಸಿ ಗಾಡಿ ಕೊಳ್ಳುತ್ತಾರೆ. ಆಮೇಲೆ ಗಾಡಿ ಮೂಲೆಗೆ ಬೀಳುವುದು ದೊಡ್ಡದು ಕೂರಲು ಒಪ್ಪದೇ ಇರುವುದರಿಂದ.

ಮೊದಲು ಭಾರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯ ಪ್ರಕಾರ ನಡುಮಟ್ಟದ ಮಗು ಎರಡು ವರ್ಷಕ್ಕೆ ಸುಮಾರು 12 ಕಿಲೋ, ಮೂರಕ್ಕೆ 14, ನಾಲ್ಕಕ್ಕೆ 16 ಕಿಲೋ ಇರುತ್ತದೆ. ಅನೇಕ ಗಾಡಿಗಳ ಸೀಟಿನ ಮಿತಿ 15 ಕಿಲೋ. ಅಂದರೆ ಮೂರೂವರೆಯ ಹೊತ್ತಿಗೆ ಮುಗಿಯಿತು. ಸ್ವಲ್ಪ ದಷ್ಟಪುಷ್ಟ ಮಗುವಾದರೆ ಇನ್ನೂ ಮುಂಚೆಯೇ. ಯುರೋಪಿನ ಸುರಕ್ಷತಾ ಮಾನದಂಡ ಇಎನ್ 1888ರಲ್ಲಿ ಎರಡು ಭಾಗ ಇರುವುದೂ ಇದಕ್ಕೇ. ಒಂದನೇ ಭಾಗ 15 ಕಿಲೋವರೆಗಿನ ಮಕ್ಕಳ ಗಾಡಿಗೆ, ಎರಡನೇ ಭಾಗ 15 ದಾಟಿ 22 ಕಿಲೋವರೆಗೆ. ಗಾಡಿಗೆ ಅಂಟಿಸಿದ ಚೀಟಿಯಲ್ಲಿ 1888-2 ಅಂತ ಕಂಡರೆ ದೊಡ್ಡದಕ್ಕೆ ಜಾಸ್ತಿ ದಿನ ಬರುತ್ತದೆ. ಅಮೆರಿಕದ ಗಾಡಿಗಳಲ್ಲಿ ಎಎಸ್‌ಟಿಎಂ ಎಫ್833 ಅನ್ನುವ ಮಾನದಂಡ ಕಾಣುತ್ತದೆ. ಇವೆರಡೂ ಇಲ್ಲದೆ, ನಿಮ್ಮ ದೇಶದ ಮಾನದಂಡದ ಗುರುತೂ ಇಲ್ಲದೆ ಬರೀ "ಅತ್ಯುತ್ತಮ ಗುಣಮಟ್ಟ" ಅಂತ ಬರೆದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಆಮೇಲೆ ಎತ್ತರ. ದೊಡ್ಡದನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿಯೇ ನೋಡಿ. ತಲೆ ನೆರಳಿನ ಹೊದಿಕೆಗೆ ತಾಗುತ್ತದೆಯಾ? ಈಗಲೇ ತಾಗಿದರೆ ಇನ್ನು ಆರು ತಿಂಗಳು ಕುತ್ತಿಗೆ ಬಗ್ಗಿಸಿ ಕೂರಬೇಕು. ಭುಜದ ಪಟ್ಟಿ ಹೊರಡುವ ಜಾಗ ಭುಜದ ಮಟ್ಟಕ್ಕೆ ಏರಿಸಲು ಬರುತ್ತದೆಯಾ? ಕಾಲಿಡಲು ಜಾಗ ಇದೆಯಾ, ಇಲ್ಲಾ ಪಾದ ಚಕ್ರದ ಹತ್ತಿರ ತೂಗಾಡುತ್ತದೆಯಾ?

ಹಾರ್ನೆಸ್ ಐದು ಕಡೆ ಹಿಡಿಯುವಂಥದ್ದಾಗಿರಲಿ: ಎರಡು ಭುಜ, ಎರಡು ಸೊಂಟ, ಒಂದು ಕಾಲ ಸಂದಿ. ಕಾಲ ಸಂದಿಯ ಪಟ್ಟಿ ಇಲ್ಲದಿದ್ದರೆ ನಿದ್ದೆಯಲ್ಲಿ ಮಗು ಕೆಳಕ್ಕೆ ಜಾರಿ ಕುತ್ತಿಗೆ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಮಗುವಿನ ಮುಂದೆ ಅಡ್ಡ ಇರುವ ಬಂಪರ್ ಬಾರ್ ಬರೀ ಹಿಡಿದುಕೊಳ್ಳಲು, ಅದು ಹಾರ್ನೆಸ್ ಕೆಲಸ ಮಾಡುವುದಿಲ್ಲ. ಬಕಲ್ಲನ್ನು ನೀವೇ ಒಂದು ಕೈಯಲ್ಲಿ ಹಾಕಿ, ಬಿಚ್ಚಿ. ಆಮೇಲೆ ದೊಡ್ಡದಕ್ಕೂ ಬಿಚ್ಚಲು ಕೊಟ್ಟು ನೋಡಿ. ಅದು ನಿಮಗಿಂತ ಬೇಗ ಬಿಚ್ಚಿದರೆ ಬೇರೆ ಗಾಡಿ ಹುಡುಕಿ.

ಹಂತ 6: ಭಾರ, ಚಕ್ರ, ಬ್ರೇಕು

ಖಾಲಿ ಡಬಲ್ ಗಾಡಿಯೇ 10ರಿಂದ 17 ಕಿಲೋ ತೂಗುತ್ತದೆ. 14 ಕಿಲೋ ಗಾಡಿ, 12 ಕಿಲೋ ದೊಡ್ಡದು, ಆರು ತಿಂಗಳ ಚಿಕ್ಕದು ಏಳೂವರೆ, ಡಯಾಪರ್ ಚೀಲ ಮೂರು. ಕೂಡಿಸಿದರೆ 36 ಕಿಲೋ ದಾಟಿತು. ಸಮತಟ್ಟಿನಲ್ಲಿ ಇದು ಏನೂ ಅನಿಸುವುದಿಲ್ಲ, ಇಳಿಜಾರಿನಲ್ಲಿ ಗಾಡಿ ನಿಮ್ಮನ್ನು ಕರೆದುಕೊಂಡು ಹೋಗುತ್ತದೆ. ಮಣಿಕಟ್ಟಿಗೆ ಹಾಕುವ ಪಟ್ಟಿ ಇದ್ದರೆ ಬಳಸಿ. ಇಲ್ಲದಿದ್ದರೆ ತಯಾರಕರದ್ದೇ ಸಿಗುತ್ತದಾ ಕೇಳಿ. ಮನೆಗೆ ಲಿಫ್ಟ್ ಇಲ್ಲದೆ ಮೆಟ್ಟಿಲು ಹತ್ತಬೇಕಾದರೆ ಭಾರವೇ ನಿಮ್ಮ ಮೊದಲ ಸಂಖ್ಯೆ, ಅಗಲ ಎರಡನೆಯದು.

ಚಕ್ರದ ಬಗ್ಗೆ ಸರಳ ಮಾತು: ನೆಲ ಹಾಳಾದಷ್ಟೂ ಚಕ್ರ ದೊಡ್ಡದಿರಬೇಕು. ಮಾಲ್‌ನ ನುಣುಪು ನೆಲದಲ್ಲಿ ಯಾವ ಚಕ್ರವೂ ಬೆಣ್ಣೆಯ ಹಾಗೆ ಜಾರುತ್ತದೆ, ಅದನ್ನು ನಂಬಬೇಡಿ. ಗಾಳಿ ತುಂಬುವ ಟೈರ್ ಗುಂಡಿಗಳನ್ನು ನುಂಗುತ್ತದೆ, ಆದರೆ ಪಂಕ್ಚರ್ ಆಗುತ್ತದೆ. ಫೋಮ್ ತುಂಬಿದ ಟೈರ್‌ಗೆ ಪಂಕ್ಚರ್ ಕಾಟ ಇಲ್ಲ, ಸ್ವಲ್ಪ ಗಡುಸು. ಮುಂದಿನ ಚಕ್ರ ಸ್ವಿವೆಲ್ ಇರಲಿ, ಅಂದರೆ ಸುತ್ತ ತಿರುಗುವಂಥದ್ದು. ಮಣ್ಣು, ಜಲ್ಲಿ ಬಂದಾಗ ಅದನ್ನು ನೇರಕ್ಕೆ ಲಾಕ್ ಮಾಡಲೂ ಬರಬೇಕು. ಗಾಡಿ ತಳ್ಳಿಕೊಂಡು ಓಡುವ ಯೋಚನೆ ಇದ್ದರೆ ಅದಕ್ಕೆಂದೇ ಮಾಡಿದ ಜಾಗಿಂಗ್ ಸ್ಟ್ರಾಲರ್ ಬೇಕು. ಅದೂ ಚಿಕ್ಕದಕ್ಕೆ ಕನಿಷ್ಠ ಆರು ತಿಂಗಳಾಗಿ, ಕತ್ತು ಗಟ್ಟಿಯಾದ ಮೇಲೆ.

ಬ್ರೇಕು ಒಂದೇ ಒತ್ತಿಗೆ ಎರಡೂ ಹಿಂದಿನ ಚಕ್ರ ಹಿಡಿಯಬೇಕು. ನೀವು ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಒತ್ತಿ ನೋಡಿ. ಕೆಲವು ಬ್ರೇಕು ಬಿಡಿಸಲು ಕಾಲ್ಬೆರಳಿನಿಂದ ಮೇಲೆತ್ತಬೇಕು, ಚಪ್ಪಲಿ ಹಾಕಿದವರಿಗೆ ಅದು ದಿನಾ ಶಿಕ್ಷೆ. ಇಳಿಜಾರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಹಾಕಿದರೂ ಗಾಡಿಯ ಮೂತಿ ಇಳಿಜಾರಿಗೆ ಅಡ್ಡ ಇರಲಿ.

ಹಂತ 7: ಮಡಚಿ ನೋಡಿ

1965ರಲ್ಲಿ ಓವನ್ ಮೆಕ್ಲಾರೆನ್ ಅನ್ನುವ ಬ್ರಿಟಿಷ್ ಎಂಜಿನಿಯರ್ ಛತ್ರಿಯ ಹಾಗೆ ಮಡಚುವ ಗಾಡಿ ರೂಪಿಸಿದರು. ಯುದ್ಧ ವಿಮಾನ ಸ್ಪಿಟ್‌ಫೈರ್‌ನ ಚಕ್ರ ಮಡಚುವ ಭಾಗದ ಮೇಲೆ ಕೆಲಸ ಮಾಡಿದ್ದವರು ಅವರು. ಆ ಗಾಡಿ ಮೂರು ಕಿಲೋಗಿಂತ ಕಮ್ಮಿ ತೂಗುತ್ತಿತ್ತು. ಡಬಲ್ ಗಾಡಿಯಿಂದ ಅಷ್ಟೆಲ್ಲ ಬಯಸಬೇಡಿ. ಆದರೆ ಇಷ್ಟನ್ನು ಕೇಳುವ ಹಕ್ಕು ನಿಮಗಿದೆ: ಸೀಟು ಬಿಚ್ಚದೆ ಮಡಚಬೇಕು, ಮಡಚಿದ ಮೇಲೆ ತಾನಾಗಿ ಲಾಕ್ ಆಗಬೇಕು, ಸಾಧ್ಯವಾದರೆ ಗೋಡೆಗೆ ಒರಗದೆ ನಿಲ್ಲಬೇಕು.

ಅಂಗಡಿಯವರು ಮಡಚಿ ತೋರಿಸಿದರೆ ಲೆಕ್ಕಕ್ಕಿಲ್ಲ. ಅವರು ದಿನಕ್ಕೆ ಇಪ್ಪತ್ತು ಸಲ ಮಡಚುತ್ತಾರೆ. ನೀವೇ ಮಡಚಿ, ನೀವೇ ಬಿಡಿಸಿ, ನೀವೇ ಎತ್ತಿ. ಬಿಡಿಸಿದಾಗ ಲಾಕ್ ಕೂತ "ಟಕ್" ಸದ್ದು ಕೇಳಬೇಕು. ಕೇಳದಿದ್ದರೆ ಮಗುವನ್ನು ಕೂರಿಸಬಾರದು. ಕೀಲುಗಳ ಸಂದಿಗೆ ಪುಟ್ಟ ಬೆರಳು ಸಿಕ್ಕಿದರೆ ಕತ್ತರಿಯ ಹಾಗೆ ಕೆಲಸ ಮಾಡುತ್ತವೆ. ಮಡಚುವಾಗ, ಬಿಡಿಸುವಾಗ ದೊಡ್ಡದು ಎರಡು ಹೆಜ್ಜೆ ದೂರ ನಿಂತಿರಲಿ. "ನಾನೂ ಮಾಡ್ತೀನಿ" ಅಂತ ಬರುವುದೇ ಆಗ.

ಕಾರಿನ ಡಿಕ್ಕಿಯಲ್ಲಿ ಹಿಡಿಸುತ್ತದಾ? ಮಡಚಿದ ಗಾಡಿಯ ಮೂರೂ ಅಳತೆಗೆ ರಟ್ಟಿನ ಡಬ್ಬಗಳನ್ನು ಜೋಡಿಸಿ ಡಿಕ್ಕಿಯಲ್ಲಿ ಇಟ್ಟು ಬಾಗಿಲು ಹಾಕಿ ನೋಡಿ. ಕೊಟ್ಟ ಅಳತೆ ಚಕ್ರ ಬಿಚ್ಚಿದ ಮೇಲಿನದೋ ಅಂತಲೂ ಕೇಳಿ. ಕೆಸರಿನ ಚಕ್ರ ದಿನಾ ಬಿಚ್ಚುವವರನ್ನು ನಾನಂತೂ ನೋಡಿಲ್ಲ.

ಹಂತ 8: ತೂಕ ಹಾಕಿ ತಳ್ಳಿ

ಖಾಲಿ ಗಾಡಿ ತಳ್ಳಿ ನಿರ್ಧಾರ ಮಾಡಬೇಡಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನೀರಿನ ಬಾಟಲಿಗಳನ್ನು ಎರಡು ಚೀಲಕ್ಕೆ ತುಂಬಿ, ಒಂದರಲ್ಲಿ 12, ಇನ್ನೊಂದರಲ್ಲಿ 5. ಸೀಟಿಗೆ ಕಟ್ಟಿ. ಈಗ ಒಂದೇ ಕೈಯಲ್ಲಿ ತಿರುಗಿಸಿ, ಇನ್ನೊಂದು ಕೈ ನಿಮಗೆ ಎಂದೂ ಬಿಡುವಾಗಿ ಸಿಗುವುದಿಲ್ಲ. ಹಿಡಿಕೆ ಒತ್ತಿ ಮುಂದಿನ ಚಕ್ರ ಎತ್ತಿ. ಭಾರಗಳನ್ನು ಅದಲು ಬದಲು ಮಾಡಿ ಮತ್ತೆ ತಳ್ಳಿ. ಮನೆಯಲ್ಲಿ ಗಾಡಿ ತಳ್ಳುವವರಲ್ಲಿ ಅತಿ ಗಿಡ್ಡ, ಅತಿ ಎತ್ತರ ಇರುವವರಿಬ್ಬರೂ ತಳ್ಳಲಿ. ಹಿಡಿಕೆ ಹೊಕ್ಕುಳಿನ ಆಸುಪಾಸು ಬಂದರೆ ಸರಿ.

ಆನ್‌ಲೈನಿನಲ್ಲಿ ತರಿಸಿದರೆ ಇದೇ ಪರೀಕ್ಷೆ ಮನೆಯೊಳಗೆ ಮಾಡಿ. ಚಕ್ರ ಬೀದಿಗೆ ಇಳಿದ ಮೇಲೆ ವಾಪಸು ತಗೊಳ್ಳುವುದು ಕಷ್ಟ. ಡಬ್ಬ ಬಿಸಾಡಬೇಡಿ.

ಹಂತ 9: ಬಳಸಿದ ಗಾಡಿಯಾದರೆ

ಒಂದೆರಡು ವರ್ಷ ಮಾತ್ರ ಬಳಸುವ ಸಾಮಾನಿದು, ಹಳೆಯದು ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಚೌಕಟ್ಟಿನ ಮೇಲೆ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ನಂಬರ್, ತಯಾರಾದ ತಿಂಗಳು ಇರುತ್ತದೆ. ಆ ನಂಬರ್ ಹಾಕಿ ಹುಡುಕಿ, ತೊಂದರೆ ಕಂಡು ಕಂಪನಿ ವಾಪಸು ಕರೆದ ಮಾಡೆಲ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಬ್ರೇಕ್ ಹಾಕಿ ಜೋರಾಗಿ ತಳ್ಳಿ. ಬಕಲ್ ಹತ್ತು ಸಲ ಹಾಕಿ ಬಿಚ್ಚಿ. ಗಾಡಿಯನ್ನು ಅಲ್ಲಾಡಿಸಿದಾಗ ಲಾಕ್ ಸಡಿಲ ಅನಿಸಿದರೆ, ಪಟ್ಟಿಯ ಹೊಲಿಗೆ ಬಿಟ್ಟಿದ್ದರೆ, ಬೆಲೆ ಎಷ್ಟೇ ಕಮ್ಮಿ ಇದ್ದರೂ ಬೇಡ. ಬಟ್ಟೆಯ ಕಲೆ ಹೋಗುತ್ತದೆ, ಚೌಕಟ್ಟಿನ ಬಿರುಕು ಹೋಗುವುದಿಲ್ಲ. ಕ್ಯಾರಿಕಾಟ್‌ನ ಹಾಸಿಗೆ ಮಾತ್ರ ಹೊಸದು ತಗೊಳ್ಳಿ, ಅದೂ ಅಂಚಿನಲ್ಲಿ ಸಂದಿ ಉಳಿಯದ ಸರಿಯಾದ ಅಳತೆಯದು.

ಗಾಡಿ ಮನೆಗೆ ಬಂದ ಮೇಲೆ

ಒಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು: ಹಿಡಿಕೆಗೆ ಚೀಲ ನೇತುಹಾಕುವುದು. ನಾನೂ ಹಾಕುತ್ತಿದ್ದೆ. ಒಂದು ದಿನ ಮುಂದಿನ ಸೀಟಿನಿಂದ ದೊಡ್ಡವನನ್ನು ಇಳಿಸಿದೆ. ಹಿಡಿಕೆಯಲ್ಲಿ ಐದಾರು ಕಿಲೋ ಸಾಮಾನು ತೂಗುತ್ತಿತ್ತು. ಮುಂದಿನ ಭಾರ ಹೋದ ಕ್ಷಣ ಗಾಡಿ ಮೂತಿ ಎತ್ತಿ ಹಿಂದಕ್ಕೆ ವಾಲಿತು. ಕೂಸನ್ನು ಕಟ್ಟಿದ್ದರಿಂದ ಬಚಾವಾಯಿತು, ಹಿಡಿಕೆ ಕೈಗೆ ಸಿಕ್ಕಿತು. ಚೀಲದ ಜಾಗ ಸೀಟಿನ ಕೆಳಗಿನ ಬುಟ್ಟಿ. ಬುಟ್ಟಿಗೂ ಭಾರದ ಮಿತಿ ಇದೆ, ಸಾಮಾನ್ಯವಾಗಿ ಕೆಲವೇ ಕಿಲೋ, ಅದರ ಮೇಲೇ ಬರೆದಿರುತ್ತದೆ.

ಹತ್ತಿಸುವ ಇಳಿಸುವ ಕ್ರಮವನ್ನು ಮೊದಲ ವಾರವೇ ರೂಢಿ ಮಾಡಿಕೊಳ್ಳಿ. ಮೊದಲು ಬ್ರೇಕು. ಆಮೇಲೆ ಓಡುವವರನ್ನು ಹತ್ತಿಸಿ ಕಟ್ಟಿ, ಕೊನೆಗೆ ಕೂಸು. ಇಳಿಸುವಾಗ ಬ್ರೇಕು, ಚೀಲ, ಕೂಸು, ಎಲ್ಲಕ್ಕಿಂತ ಕೊನೆಗೆ ಓಡುವವರು. ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಪಾಲಿಸಿ. ಕೆಲವು ಟ್ಯಾಂಡೆಮ್‌ಗಳಲ್ಲಿ ಯಾವ ಸೀಟು ಒಂಟಿಯಾಗಿ ತುಂಬಿರಬಾರದು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಆ ಪುಟದ ಫೋಟೋ ತೆಗೆದು ಅಜ್ಜಿ ತಾತನಿಗೂ, ಗಾಡಿ ತಳ್ಳುವ ಎಲ್ಲರಿಗೂ ಕಳಿಸಿ.